ಶಿರಸಿ ಕಡೆಯಿಂದ ಉಗಾಂಡಾಕ್ಕೆ ಸ್ವಯಂಸೇವಕರಾಗಿ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಶಿರಸಿ ಹತ್ತಿರದ ಹಳ್ಳಿಯವಳು. ಉಗಾಂಡಾದ ಮಸಾಕಾ ಪಟ್ಟಣದ ಆಚೆ ಒಂದು ಹಳ್ಳಿಶಾಲೆಯಲ್ಲಿ ಗಣಿತ, ಕಂಪ್ಯೂಟರ್ ಕಲಿಸುವ ಸ್ವಯಂಸೇವಕಿಯಾಗಿ ಇದ್ದು ಬಂದೆ. ಬಂದ ಮೇಲೆ ಕುಮಟಾ, ಅಂಕೋಲಾ, ಕಾರವಾರ, ಯಲ್ಲಾಪುರ ಎಲ್ಲ ಕಡೆಯಿಂದ ಫೋನ್ ಬರುತ್ತವೆ. ಹೋಗಬೇಕು ಅನ್ನುವವರು, ಮಗಳನ್ನು ಕಳಿಸಲೋ ಬೇಡವೋ ಅನ್ನುವ ಅಪ್ಪ ಅಮ್ಮಂದಿರು, ರಜೆಯಲ್ಲಿ ಗೊರಿಲ್ಲಾ ನೋಡಬಹುದಾ ಅನ್ನುವವರು. ಪ್ರಶ್ನೆಗಳು ಹೆಚ್ಚುಕಮ್ಮಿ ಅವೇ. ಅದಕ್ಕೇ ಒಂದೇ ಕಡೆ ಬರೆದಿಟ್ಟೆ. ನನ್ನ ಉತ್ತರಗಳ ಹಿಂದೆ ಇರುವ ನಂಬಿಕೆ ಒಂದೇ: ಅಲ್ಲಿ ಅತಿಥಿಯಾಗಿ ಇರಬೇಡಿ, ನೆರೆಮನೆಯವರಾಗಿ ಇರಿ. ಉಳಿದದ್ದೆಲ್ಲ ಅಲ್ಲಿಂದಲೇ ಬರುತ್ತದೆ.

ಸ್ವಯಂಸೇವೆ ಅಂದರೆ ಸಂಬಳ ಇಲ್ಲ ಅಲ್ವಾ? ಹೊಟ್ಟೆಪಾಡು ಹೇಗೆ?

ಸಂಬಳ ಇಲ್ಲ, ಭತ್ಯೆ ಇರುತ್ತದೆ. ಸರಿಯಾದ ಸಂಸ್ಥೆಯಾದರೆ ಇರಲು ಮನೆ, ತಿಂಗಳ ಖರ್ಚಿಗೆ ದುಡ್ಡು, ಆರೋಗ್ಯ ವಿಮೆ, ಹೋಗಿಬರುವ ಟಿಕೆಟ್ ಕೊಡುತ್ತಾರೆ. ಮನೆಗೆ ದುಡ್ಡು ಕಳಿಸಬಹುದು ಅಂತ ಲೆಕ್ಕ ಹಾಕಿ ಹೋಗಬೇಡಿ. ಮನೆ ಸಾಲ, ತಂಗಿಯ ಮದುವೆ ಇಂಥ ಹೊಣೆ ತಲೆ ಮೇಲಿದ್ದರೆ ಮೊದಲು ಅದನ್ನು ಮುಗಿಸಿ. ಅಲ್ಲಿ ಕೂತು ದಿನವೂ ಊರಿನ ಸಾಲದ ಚಿಂತೆ ಮಾಡುತ್ತಿದ್ದರೆ ಕೆಲಸಕ್ಕೂ ನ್ಯಾಯ ಸಿಗುವುದಿಲ್ಲ.

ಯಾರ ಮೂಲಕ ಹೋಗುವುದು?

ವಿಶ್ವಸಂಸ್ಥೆಯ ಸ್ವಯಂಸೇವಕರ ಕಾರ್ಯಕ್ರಮ ಒಂದಿದೆ. 1970ರಲ್ಲಿ ಶುರುವಾದದ್ದು, ಕಚೇರಿ ಜರ್ಮನಿಯ ಬಾನ್‌ನಲ್ಲಿ. ಭಾರತೀಯರೂ ಅರ್ಜಿ ಹಾಕಬಹುದು, ಅರ್ಜಿಗೆ ದುಡ್ಡಿಲ್ಲ. ಮನೆಯಲ್ಲೇ ಕೂತು ಆನ್‌ಲೈನ್‌ನಲ್ಲಿ ಮಾಡುವ ಸ್ವಯಂಸೇವೆಯೂ ಅಲ್ಲಿದೆ. ಮೊದಲು ಅದನ್ನು ಮಾಡಿ ನೋಡಿದರೆ ಒಳ್ಳೆಯದು. ಅಮೆರಿಕದ ಪೀಸ್ ಕೋರ್ ಹೆಸರು ಎಲ್ಲರೂ ಹೇಳುತ್ತಾರೆ. ಅದು ಅಮೆರಿಕದ ಪ್ರಜೆಗಳಿಗೆ ಮಾತ್ರ. ಸುಮ್ನೆ ಸಮಯ ಹಾಳು ಮಾಡಿಕೊಳ್ಳಬೇಡಿ.

ನಿಮ್ಮಿಂದಲೇ ಲಕ್ಷಗಟ್ಟಲೆ ತೆಗೆದುಕೊಂಡು ಎರಡು ಮೂರು ವಾರ ಅನಾಥಾಲಯದ ಮಕ್ಕಳ ಜೊತೆ ಆಡಲು ಕಳಿಸುವವರೂ ಇದ್ದಾರೆ. ದಯವಿಟ್ಟು ಅದಕ್ಕೆ ಹೋಗಬೇಡಿ. ಅಂಥ ಎಷ್ಟೋ ಕಡೆ ಇರುವ ಮಕ್ಕಳಿಗೆ ಅಪ್ಪನೋ ಅಮ್ಮನೋ ಬದುಕಿಯೇ ಇರುತ್ತಾರೆ, ಬಡತನಕ್ಕೆ ಬಿಟ್ಟಿರುತ್ತಾರೆ. ಹೊರಗಿನಿಂದ ಬರುವವರ ದುಡ್ಡು ಬರುತ್ತಾ ಇರುವ ತನಕ ಆ ಮಕ್ಕಳನ್ನು ಮನೆಗೆ ಕಳಿಸುವ ಮನಸ್ಸು ನಡೆಸುವವರಿಗೆ ಬರುವುದಿಲ್ಲ. ಮಕ್ಕಳಾದರೂ ಎಷ್ಟು ಜನರನ್ನು ಹಚ್ಚಿಕೊಂಡು ಎಷ್ಟು ಸಲ ಕಳೆದುಕೊಳ್ಳಬೇಕು?

ಕಾಗದಪತ್ರ, ಇಂಜೆಕ್ಷನ್ ಏನೇನು ಬೇಕು?

ಪಾಸ್‌ಪೋರ್ಟಿಗೆ ನಮ್ಮ ಕಡೆಯವರು ಹುಬ್ಬಳ್ಳಿಯ ಸೇವಾ ಕೇಂದ್ರಕ್ಕೆ ಹೋಗುವುದು ರೂಢಿ. ಮಕ್ಕಳ ಜೊತೆ ಕೆಲಸ ಅಂದರೆ ಪೊಲೀಸ್ ಕ್ಲಿಯರೆನ್ಸ್ ಪತ್ರ ಕೇಳುತ್ತಾರೆ, ಅದನ್ನು ಮೊದಲೇ ಮಾಡಿಸಿಡಿ.

ಹಳದಿ ಜ್ವರದ ಲಸಿಕೆ ಕಡ್ಡಾಯ. ಸರ್ಕಾರ ಗುರುತಿಸಿದ ಕೇಂದ್ರದಲ್ಲಿ ಮಾತ್ರ ಹಾಕಿಸಬೇಕು, ಹೊರಡುವುದಕ್ಕೆ ಕನಿಷ್ಠ 10 ದಿನ ಮೊದಲು ಆಗಿರಬೇಕು. 2016ರಿಂದ ಒಮ್ಮೆ ಹಾಕಿಸಿದರೆ ಜೀವನಪೂರ್ತಿ ನಡೆಯುತ್ತದೆ. ಲಸಿಕೆ ಹಾಕಿದ್ದಕ್ಕೆ ಕೊಡುವ ಹಳದಿ ಪುಸ್ತಕ ಕಳೆಯಬೇಡಿ. ತಿರುಗಿ ಬರುವಾಗ ಅದಿಲ್ಲದಿದ್ದರೆ ಭಾರತದ ವಿಮಾನ ನಿಲ್ದಾಣದಲ್ಲೇ 6 ದಿನದವರೆಗೆ ಪ್ರತ್ಯೇಕ ಇಡಬಹುದು.

ಪ್ರವಾಸಿ ವೀಸಾದಲ್ಲಿ ಹೋಗಿ ಕೆಲಸ ಮಾಡುವ ಮಾತು ಬಂದರೆ ಒಪ್ಪಬೇಡಿ. ಅಲ್ಲಿದ್ದು ಕೆಲಸ ಮಾಡುವ ಪರ್ಮಿಟ್ ಮಾಡಿಸುವುದು ಕರೆಸಿಕೊಳ್ಳುವ ಸಂಸ್ಥೆಯ ಹೊಣೆ. ಆ ಪರ್ಮಿಟ್ ರಜೆಯಲ್ಲೂ ಉಪಯೋಗಕ್ಕೆ ಬರುತ್ತದೆ, ಮುಂದೆ ಹೇಳುತ್ತೇನೆ. ಡಾಲರ್ ಒಯ್ಯುವುದಾದರೆ ಹೊಸ ನೋಟು, ಅದರಲ್ಲೂ ನೂರರ ನೋಟು ಒಯ್ಯಿರಿ. ಹಳೇ ನೋಟು, ಮಡಚಿ ಹರಿದದ್ದು, ಚಿಕ್ಕ ನೋಟು ಇವಕ್ಕೆ ಅಲ್ಲಿ ರೇಟು ಕಮ್ಮಿ. ಕೆಲವರು ಮುಟ್ಟುವುದೇ ಇಲ್ಲ. ಕರೆಂಟಿನ ಪ್ಲಗ್ ಇಂಗ್ಲೆಂಡಿನ ಥರದ ಮೂರು ಚೌಕ ಪಿನ್ನಿನದು, ಅಡಾಪ್ಟರ್ ಇಟ್ಟುಕೊಳ್ಳಿ.

ಇಲ್ಲಿಂದ ಹೋಗುವ ದಾರಿ?

ಕುಮಟಾದಿಂದಲೋ ಕಾರವಾರದಿಂದಲೋ ಮತ್ಸ್ಯಗಂಧಾ ರೈಲು ಹತ್ತಿ ಮುಂಬಯಿಗೆ ಹೋಗುವುದು ನನಗೆ ಎಲ್ಲಕ್ಕಿಂತ ಸುಲಭ ಅನಿಸಿತು. ಉಗಾಂಡಾ ಏರ್‌ಲೈನ್ಸ್ 2023ರ ಅಕ್ಟೋಬರ್‌ನಲ್ಲಿ ಮುಂಬಯಿಯಿಂದ ಉಗಾಂಡಾದ ಎಂಟೆಬ್ಬೆ ನಿಲ್ದಾಣಕ್ಕೆ ನೇರ ವಿಮಾನ ಶುರು ಮಾಡಿತು. ಇಲ್ಲದಿದ್ದರೆ ನೈರೋಬಿ, ಅಡಿಸ್ ಅಬಾಬಾ ಅಥವಾ ದುಬೈಯಲ್ಲಿ ಇಳಿದು ಹತ್ತಬೇಕು.

ನಾವು ಮೀನು ಮಾಂಸ ತಿನ್ನುವವರಲ್ಲ. ಅಲ್ಲಿ ಉಪವಾಸವೇ?

ಖಂಡಿತಾ ಅಲ್ಲ. ಇದನ್ನು ಕೇಳುವವರಿಗೆ ನಾನು ಖುಷಿಯಿಂದ ಉತ್ತರ ಕೊಡುತ್ತೇನೆ. ಮಸಾಕಾ ಸೀಮೆ ಅಂದರೆ ಬಾಳೆ ಸೀಮೆ. ಮಟೋಕೆ ಅನ್ನುವ ಬಾಳೆಕಾಯಿಯ ಸಿಪ್ಪೆ ತೆಗೆದು, ಬಾಳೆ ಎಲೆಯಲ್ಲೇ ಸುತ್ತಿ, ಹಬೆಯಲ್ಲಿ ಗಂಟೆಗಟ್ಟಲೆ ಬೇಯಿಸಿ, ಎಲೆ ಸಮೇತ ಒತ್ತಿ ಮೆತ್ತಗೆ ಮಾಡುತ್ತಾರೆ. ಎಲೆ ಬಿಚ್ಚಿದಾಗ ಬರುವ ಪರಿಮಳ ನಮ್ಮವರಿಗೆ ಹೊಸದಲ್ಲ. ಅದರ ಮೇಲೆ ಶೇಂಗಾ ಅರೆದು ಮಾಡಿದ ಗಟ್ಟಿ ಸಾರು. ಬೀನ್ಸ್ ಕಾಳು, ಕೋಸು, ಸಿಹಿಗೆಣಸು, ಮರಗೆಣಸು, ಪೋಶೋ ಅನ್ನುವ ಮೆಕ್ಕೆಜೋಳದ ಹಿಟ್ಟಿನ ಮುದ್ದೆ. ಬೆಣ್ಣೆಹಣ್ಣು ಇಲ್ಲಿಯ ಬೆಲೆಗೆ ಹೋಲಿಸಿದರೆ ಪುಕ್ಕಟೆ ಅನ್ನಬೇಕು. ಚಪಾತಿ ಅಂತೂ ಅವರದೇ ಆಗಿಬಿಟ್ಟಿದೆ. ಬೀದಿಯಲ್ಲಿ ಚಪಾತಿ ಒಳಗೆ ಮೊಟ್ಟೆ ಸುತ್ತಿ ಕೊಡುತ್ತಾರೆ. ಮೊಟ್ಟೆ ಬೇಡದವರು ಬೀನ್ಸ್ ಹಾಕಿಸಿಕೊಳ್ಳಬಹುದು. ಒಂದೇ ಎಚ್ಚರ, ಸಾರಿನಲ್ಲಿ ಮಾಂಸ ಇದೆಯಾ ಅಂತ ಮೊದಲೇ ಕೇಳಿ. ತುಂಡು ತೆಗೆದಿಟ್ಟು ಬರೀ ಸಾರು ಬಡಿಸಿದರೆ ಆಯಿತಲ್ಲ ಅಂತ ಪ್ರೀತಿಯಿಂದಲೇ ಅಂದುಕೊಳ್ಳುವವರಿದ್ದಾರೆ.

ಹಲಸು! ರಸ್ತೆ ಬದಿಯಲ್ಲಿ ಸೀಳಿ ತುಂಡು ಲೆಕ್ಕದಲ್ಲಿ ಮಾರುತ್ತಾರೆ. ಹಿತ್ತಲಿನಲ್ಲಿ ಮರ ಇಲ್ಲದ ಮನೆ ಕಮ್ಮಿ. ಆದರೆ ಎಳೆಹಲಸನ್ನು ಪಲ್ಯ ಮಾಡುವುದು ಅವರಿಗೆ ಅಷ್ಟು ರೂಢಿಯಿಲ್ಲ, ಹಣ್ಣನ್ನೇ ತಿನ್ನುತ್ತಾರೆ. ನಾನು ಗುಜ್ಜೆ ಪಲ್ಯ ಮಾಡಿ ಶಾಲೆಗೆ ಒಯ್ದ ದಿನ ಅಡುಗೆಮನೆಯ ಅಮ್ಮ ಮಾಡುವ ಕ್ರಮ ಎರಡೆರಡು ಸಲ ಕೇಳಿಕೊಂಡರು. ಹೀಗೆ ಒಂದು ಅಡುಗೆ ಕಲಿಸಿ ಒಂದು ಕಲಿತರೆ ಊರಿನ ಪರಿಚಯ ಬೇಗ ಆಗುತ್ತದೆ.

ಇಲ್ಲದ್ದು ತೆಂಗಿನಕಾಯಿ. ಉಗಾಂಡಾಕ್ಕೆ ಸಮುದ್ರ ಇಲ್ಲ, ಕಾಯಿ ಅಪರೂಪ, ಸಿಕ್ಕರೂ ತುಟ್ಟಿ. ಕಾಯಿ ಇಲ್ಲದೆ ಒಗ್ಗರಣೆ ಸಾರು, ಮಜ್ಜಿಗೆ ಊಟ ರೂಢಿ ಮಾಡಿಕೊಂಡೇ ಹೋಗಿ. ಹಾಲು ಚೆನ್ನಾಗಿ ಸಿಗುತ್ತದೆ, ಮನೆಯಲ್ಲಿ ಹೆಪ್ಪು ಹಾಕಬಹುದು. ತೊಗರಿಬೇಳೆ, ಸಾಸಿವೆ, ಇಂಗು ರಾಜಧಾನಿ ಕಂಪಾಲಾದ ಅಂಗಡಿಗಳಲ್ಲಿ ಸಿಗುತ್ತವೆ. ಊರಿಂದ ಒಯ್ಯುವುದು ಅಪ್ಪೆಮಿಡಿ ಉಪ್ಪಿನಕಾಯಿ, ಒಣ ಮುರುಗಲು, ಸ್ವಲ್ಪ ಹಪ್ಪಳ. ಸಾಕು. ಸೂಟ್‌ಕೇಸ್ ತುಂಬ ಅಕ್ಕಿ ಬೇಳೆ ಒಯ್ಯಬೇಡಿ, ಅಲ್ಲಿಯ ಸಂತೆಯಲ್ಲಿ ಕೊಂಡು ತಿನ್ನಿ.

ನಾವು ಕಾರವಾರದವರು, ನಮಗೆ ಮೀನು ಬೇಕು.

ವಿಕ್ಟೋರಿಯಾ ಸರೋವರದ ತಿಲಾಪಿಯಾ, ನೈಲ್ ಪರ್ಚ್ ಎರಡೂ ಧಾರಾಳ. ಬೆಳ್ಳಿ ಬಣ್ಣದ ಸಣ್ಣ ಮೀನನ್ನು ಬಿಸಿಲಿಗೆ ಒಣಗಿಸಿ ಸಂತೆಯಲ್ಲಿ ಅಳೆದು ಕೊಡುತ್ತಾರೆ. ಬಾಂಗಡೆ ರುಚಿ ಸಿಹಿನೀರಿನ ಮೀನಿಗೆ ಬರುವುದಿಲ್ಲ ಅಂತ ಬೈತಖೋಲದ ಗೆಳತಿಯೊಬ್ಬಳು ಹೇಳುತ್ತಿದ್ದಳು. ಆ ವಿಷಯದಲ್ಲಿ ನನ್ನ ಅಭಿಪ್ರಾಯಕ್ಕೆ ಬೆಲೆ ಇಲ್ಲ.

ಸೆಕೆ, ಮಳೆ ಹೇಗೆ?

ಆಫ್ರಿಕಾ ಅಂದರೆ ಸುಡುಬಿಸಿಲು ಅಂದುಕೊಂಡಿರುತ್ತಾರೆ. ಮಸಾಕಾ ಇರುವುದು ಸಮುದ್ರಮಟ್ಟಕ್ಕಿಂತ 1,200 ಮೀಟರಿಗೂ ಎತ್ತರದಲ್ಲಿ. ಅಂಕೋಲಾದ ಏಪ್ರಿಲ್ ಸೆಕೆ ಕಂಡವರಿಗೆ ಅದು ತಂಪೇ. ಬೆಳಿಗ್ಗೆ ಸ್ವೆಟರ್ ಬೇಕಾಗುತ್ತದೆ. ಮಳೆಗಾಲ ಎರಡು. ಮಾರ್ಚ್‌ನಿಂದ ಮೇ ಒಂದು, ಸೆಪ್ಟೆಂಬರ್‌ನಿಂದ ನವೆಂಬರ್ ಇನ್ನೊಂದು. ನಮ್ಮ ಮಲೆನಾಡಿನ ಹಾಗೆ ವಾರಗಟ್ಟಲೆ ಹಿಡಿದು ಸುರಿಯುವುದಿಲ್ಲ, ಜೋರಾಗಿ ಬಂದು ಬಿಡುತ್ತದೆ. ಆದರೆ ಸಿಡಿಲು ಜಾಸ್ತಿ. ಗುಡುಗು ಶುರುವಾದರೆ ಬಯಲಲ್ಲಿ, ಮರದ ಕೆಳಗೆ ನಿಲ್ಲಬೇಡಿ. ಭೂಮಧ್ಯರೇಖೆ ಪಕ್ಕದಲ್ಲೇ ಇರುವುದರಿಂದ ವರ್ಷಪೂರ್ತಿ ಏಳರ ಆಸುಪಾಸಿಗೆ ಬೆಳಗು, ಏಳರ ಆಸುಪಾಸಿಗೆ ಕತ್ತಲೆ.

ಮನೆ, ನೀರು, ಇಂಟರ್ನೆಟ್?

ಹಳ್ಳಿಯಾದರೆ ಮಳೆನೀರಿನ ಟ್ಯಾಂಕ್, ಇಲ್ಲವೇ ಹಳದಿ ಕ್ಯಾನಿನಲ್ಲಿ ಹೊತ್ತು ತರುವುದು. ಕುದಿಸಿ ಕುಡಿಯಿರಿ. ಕರೆಂಟ್ ಹೋಗುತ್ತಾ ಬರುತ್ತಾ ಇರುತ್ತದೆ, ನಮಗೇನು ಹೊಸದಲ್ಲ. ಮೊಬೈಲ್ ನೆಟ್‌ವರ್ಕ್ ಮಾತ್ರ ಎಷ್ಟೋ ಕಡೆ ನಮ್ಮ ಘಟ್ಟದ ಹಳ್ಳಿಗಳಿಗಿಂತ ಚೆನ್ನಾಗಿದೆ. ದುಡ್ಡೆಲ್ಲ ಫೋನಿನಲ್ಲೇ ಓಡಾಡುತ್ತದೆ. ಎಂಟಿಎನ್ ಅಥವಾ ಏರ್‌ಟೆಲ್ ಸಿಮ್ ತೆಗೆದುಕೊಂಡು ಮೊಬೈಲ್ ಮನಿ ಮಾಡಿಸಿಕೊಂಡರೆ ಬಾಡಿಗೆ, ತರಕಾರಿ, ಬಸ್ ಟಿಕೆಟ್ ಎಲ್ಲ ಅದರಲ್ಲೇ. ಒಂದು ರೂಪಾಯಿಗೆ ನಲವತ್ತರ ಆಚೀಚೆ ಶಿಲ್ಲಿಂಗ್ ಸಿಗುವುದರಿಂದ ಮೊದಮೊದಲು ಎಲ್ಲವೂ ಸಾವಿರಗಳಲ್ಲಿ ಕೇಳಿ ಗಾಬರಿಯಾಗುತ್ತದೆ. ವಾರದಲ್ಲಿ ಸರಿಹೋಗುತ್ತದೆ.

ಅಲ್ಲಿಯ ಜನ ನಮ್ಮನ್ನು ಹೇಗೆ ನೋಡುತ್ತಾರೆ?

ಇದಕ್ಕೆ ಸ್ವಲ್ಪ ಇತಿಹಾಸ ಗೊತ್ತಿರಬೇಕು. 1896ರಿಂದ 1901ರವರೆಗೆ ಮೊಂಬಾಸಾದಿಂದ ವಿಕ್ಟೋರಿಯಾ ಸರೋವರದವರೆಗೆ ಬ್ರಿಟಿಷರು ರೈಲು ಹಾಕಿಸಿದಾಗ ಮೂವತ್ತು ಸಾವಿರಕ್ಕೂ ಹೆಚ್ಚು ಕೂಲಿಗಳನ್ನು ಭಾರತದಿಂದ ಒಯ್ದರು. ಎರಡು ಸಾವಿರಕ್ಕೂ ಹೆಚ್ಚು ಜನ ಅಲ್ಲೇ ಸತ್ತರು. ಆಮೇಲೆ ವ್ಯಾಪಾರಿಗಳು ಬಂದರು, ಅಂಗಡಿ, ಹತ್ತಿ, ಸಕ್ಕರೆ ಅವರ ಕೈಗೆ ಬಂತು. 1972ರಲ್ಲಿ ಇದಿ ಅಮೀನ್ 90 ದಿನಗಳೊಳಗೆ ದೇಶ ಬಿಡಿ ಅಂದ. ಬದುಕು ಕಟ್ಟಿಕೊಂಡವರು ಒಂದೊಂದು ಪೆಟ್ಟಿಗೆ ಹಿಡಿದು ಹೊರಟರು. ಮುಂದೆ ಸರ್ಕಾರ ಬದಲಾದ ಮೇಲೆ ಕೆಲವರು ಮರಳಿದರು, ಹೊಸಬರೂ ಬಂದರು.

ಹಾಗಾಗಿ ನಿಮ್ಮನ್ನು ಕಂಡ ಕೂಡಲೇ ಅಂಗಡಿ ಯಜಮಾನರೋ ಕಾರ್ಖಾನೆ ಸಾಹುಕಾರರೋ ಅಂದುಕೊಳ್ಳುತ್ತಾರೆ. ನಮ್ಮವರಲ್ಲಿ ಕೆಲವರು ಕೆಲಸದವರ ಜೊತೆ ಮಾತಾಡುವ ರೀತಿ ನೋಡಿದರೆ ನನಗೆ ಸಂಕಟವಾಗುತ್ತಿತ್ತು. ಅದರ ನೆನಪು ಜನರಿಗಿದೆ. ನೀವು ಶಾಲೆಯ ಉಳಿದ ಶಿಕ್ಷಕರ ಜೊತೆ ಅದೇ ಬೆಂಚಿನಲ್ಲಿ ಕೂತು ಅದೇ ಪೋಶೋ ಬೀನ್ಸ್ ತಿನ್ನಿ, ಒಂದು ತಿಂಗಳಲ್ಲಿ ಮಾತಿನ ಧಾಟಿಯೇ ಬದಲಾಗುತ್ತದೆ. ದಾರಿಯಲ್ಲಿ ಸಿಕ್ಕವರನ್ನು ಮಾತಾಡಿಸದೆ ಹೋಗುವುದು ಅಲ್ಲಿ ದೊಡ್ಡ ಅವಮರ್ಯಾದೆ. ಅಂಗಡಿಯಲ್ಲೂ ಮೊದಲು ಕ್ಷೇಮ ಸಮಾಚಾರ, ಆಮೇಲೆ ಸಕ್ಕರೆ. ಗದ್ದೆಯಲ್ಲಿ ಕೆಲಸ ಮಾಡುತ್ತಿರುವವರನ್ನು ಕಂಡರೆ "ಜೆಬಲೆಕೊ" ಅಂತ ಅವರ ದುಡಿಮೆಯನ್ನು ಮೆಚ್ಚಿ ನಮಸ್ಕಾರ ಹೇಳುವ ಕ್ರಮವಿದೆ. ನನಗೆ ಅವರ ನಡೆನುಡಿಯಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಅದು.

ಸಾವಿನ ಮನೆಗೆ ಹೋಗಿ. ಸಹೋದ್ಯೋಗಿಯ ಮನೆಯಲ್ಲಿ ಯಾರೋ ತೀರಿಕೊಂಡರೆ ಇಡೀ ಶಾಲೆ ಹೋಗುತ್ತದೆ, ಕೈಲಾದಷ್ಟು ದುಡ್ಡು ಹಾಕುತ್ತದೆ. ನೀವೂ ಹೋಗಬೇಕು, ಹಾಕಬೇಕು.

ಇನ್ನೊಂದು ಮಾತು. ನಮ್ಮ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾದಲ್ಲಿ ಸಿದ್ದಿ ಜನ ಇದ್ದಾರೆ, ಅವರ ಹಿರಿಯರು ಆಫ್ರಿಕಾದಿಂದ ಬಂದವರು ಅಂತ ನಾನು ಹೇಳಿದಾಗ ಶಿಕ್ಷಕರ ಕೋಣೆ ಒಮ್ಮೆಲೇ ಎದ್ದು ಕೂತಿತು. ಫೋಟೋ ತೋರಿಸಿದೆ. "ಅವರನ್ನು ನೀವು ಹೇಗೆ ನೋಡಿಕೊಂಡಿದ್ದೀರಿ?" ಅಂತ ಒಬ್ಬರು ಕೇಳಿದರು. ಪರಿಶಿಷ್ಟ ಪಂಗಡ ಅಂತ ಮಾನ್ಯತೆ ಸಿಕ್ಕಿದ್ದೇ 2003ರಲ್ಲಿ, ಇಂದಿಗೂ ಬಸ್ಸಿನಲ್ಲಿ ಅವರನ್ನು ಪರದೇಶದವರ ಹಾಗೆ ನೋಡುವವರಿದ್ದಾರೆ ಅಂತ ಇದ್ದದ್ದನ್ನು ಹೇಳಿದೆ. ಆಫ್ರಿಕಾಕ್ಕೆ ಸೇವೆಗೆ ಹೊರಟವರು ಮೊದಲು ಮನೆ ಪಕ್ಕದ ಸಿದ್ದಿ ಕೇರಿಗೆ ಹೋಗಿ ಮಾತಾಡಿಸಿ ಬನ್ನಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ಹೆಣ್ಣುಮಕ್ಕಳು ಒಬ್ಬರೇ ಇರಬಹುದಾ?

ಇರಬಹುದು, ನಾನಿದ್ದೆ. ಹಳ್ಳಿಯಲ್ಲಿ ಮೊಣಕಾಲಿನ ಕೆಳಗೆ ಬರುವ ಬಟ್ಟೆ ಹಾಕಿ, ನಮ್ಮ ಚೂಡಿದಾರ ಆಗುತ್ತದೆ. ಕತ್ತಲಾದ ಮೇಲೆ ಒಬ್ಬರೇ ಓಡಾಡಬೇಡಿ, ಕಂಪಾಲಾದಲ್ಲಿ ಫೋನ್ ಕೈಯಲ್ಲಿ ಹಿಡಿದು ನಡೆಯಬೇಡಿ. ಶಾಲೆಯ ಹಿರಿಯ ಶಿಕ್ಷಕಿಯೊಬ್ಬರನ್ನು ಅಕ್ಕನ ಹಾಗೆ ಹಚ್ಚಿಕೊಳ್ಳಿ. ಎಲ್ಲಿಗೆ ಹೋಗುತ್ತೀರಿ, ಯಾವಾಗ ಬರುತ್ತೀರಿ ಅಂತ ಅವರಿಗೆ ಗೊತ್ತಿರಲಿ. ಸಲಿಂಗಿಗಳಿಗೆ ಅಲ್ಲಿ ಕಾನೂನು ತುಂಬಾ ಕ್ರೂರವಾಗಿದೆ, 2023ರಲ್ಲಿ ಇನ್ನೂ ಬಿಗಿ ಮಾಡಿದರು. ನಿಮ್ಮ ವಿಷಯ ಅದಾಗಿದ್ದರೆ ಬೇರೆ ದೇಶ ನೋಡುವುದು ಕ್ಷೇಮ.

ಮಲೇರಿಯಾ?

ಇದನ್ನು ಹಗುರವಾಗಿ ತೆಗೆದುಕೊಳ್ಳಲೇಬೇಡಿ. ಉಗಾಂಡಾದಲ್ಲಿ ಹೆಚ್ಚಾಗಿ ಬರುವುದು ಫಾಲ್ಸಿಪಾರಂ ಅನ್ನುವ ಜಾತಿಯ ಮಲೇರಿಯಾ, ಜೀವ ತೆಗೆಯುವಂಥದ್ದು. ಮುಂಜಾಗ್ರತೆ ಮಾತ್ರೆ ಬಗ್ಗೆ ಹೊರಡುವ ಮೊದಲೇ ವೈದ್ಯರ ಹತ್ತಿರ ಮಾತಾಡಿ, ಸೊಳ್ಳೆಪರದೆ ಒಂದು ರಾತ್ರಿಯೂ ಬಿಡಬೇಡಿ, ಜ್ವರ ಬಂದ ದಿನವೇ ರಕ್ತ ಪರೀಕ್ಷೆ ಮಾಡಿಸಿ. ಊರಿಗೆ ಬಂದ ಮೇಲೆ ಜ್ವರ ಬಂದರೆ "ನಾನು ಉಗಾಂಡಾದಿಂದ ಬಂದಿದ್ದೇನೆ" ಅಂತ ಡಾಕ್ಟರಿಗೆ ಮೊದಲ ಮಾತಿನಲ್ಲೇ ಹೇಳಿ. ಸಿದ್ದಾಪುರ ಕಡೆ ಮಂಗನ ಕಾಯಿಲೆ ನೋಡಿದ ನಮ್ಮವರಿಗೆ ಜ್ವರದಲ್ಲಿ ಜ್ವರ ಬೇರೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಸರೋವರದಲ್ಲಿ ಈಜುವ ಆಸೆ ಎಲ್ಲರಿಗೂ ಆಗುತ್ತದೆ. ದಡದ ನೀರಿನ ಬಸವನಹುಳುಗಳಿಂದ ಬಿಲ್ಹಾರ್ಜಿಯಾ ಅನ್ನುವ ರೋಗ ಬರುತ್ತದೆ, ಚರ್ಮದ ಮೂಲಕವೇ ಒಳಗೆ ಹೋಗುತ್ತದೆ. ಇಳಿಯಬೇಡಿ.

ರಜೆ ಯಾವಾಗ? ಊರಿಗೆ ಬರಲು ಒಳ್ಳೆಯ ಸಮಯ ಯಾವುದು?

ಶಾಲೆಗೆ ವರ್ಷಕ್ಕೆ ಮೂರು ಅವಧಿ, ಫೆಬ್ರವರಿಯಲ್ಲಿ ಶುರು. ಮೇ ತಿಂಗಳಲ್ಲಿ ಕೆಲವು ವಾರ, ಆಗಸ್ಟ್ ಕೊನೆಗೆ ಕೆಲವು ವಾರ, ಡಿಸೆಂಬರ್ ಜನವರಿ ದೊಡ್ಡ ರಜೆ. ಊರಿಗೆ ಬರುವುದಾದರೆ ಮೇ ತಿಂಗಳು ನನ್ನ ಆಯ್ಕೆ. ಮಾವು, ಹಲಸು ಎರಡೂ ಇರುತ್ತವೆ, ಮಳೆ ಇನ್ನೂ ಹಿಡಿದಿರುವುದಿಲ್ಲ, ಯಕ್ಷಗಾನ ಮೇಳಗಳ ಕೊನೆಯ ಆಟಗಳು ಸಿಗುತ್ತವೆ. ಡಿಸೆಂಬರ್ ಟಿಕೆಟ್ ತುಟ್ಟಿ. ಶಿರಸಿ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುವುದು ಪಾಠ ನಡೆಯುವ ಹೊತ್ತಿನಲ್ಲೇ. ನನಗೂ ಬರಲು ಆಸೆಯಿತ್ತು, ಮಕ್ಕಳನ್ನು ಪರೀಕ್ಷೆ ಹೊತ್ತಿಗೆ ಬಿಟ್ಟು ಬರುವುದು ಸರಿ ಕಾಣಲಿಲ್ಲ.

ಡಿಸೆಂಬರ್‌ನಲ್ಲಿ ಅಲ್ಲೇ ಇರಿ. ಕ್ರಿಸ್‌ಮಸ್‌ಗೆ ಕಂಪಾಲಾ ಖಾಲಿಯಾಗಿ ಎಲ್ಲರೂ ಅವರವರ ಹಳ್ಳಿಗೆ ಹೋಗುತ್ತಾರೆ, ಬಸ್ ದರ ಏರುತ್ತದೆ. ಯಾರಾದರೂ ಸಹೋದ್ಯೋಗಿ "ನಮ್ಮನೆಗೆ ಬಾ" ಅಂದೇ ಅನ್ನುತ್ತಾರೆ. ಹೋಗಿ. ಸಕ್ಕರೆ, ಸೋಪು, ಬ್ರೆಡ್ ಒಯ್ಯುವುದು ಅಲ್ಲಿಯ ವಾಡಿಕೆ. ಯಾವ ಪ್ರವಾಸವೂ ಆ ವಾರಕ್ಕೆ ಸಮ ಇಲ್ಲ ಅನ್ನುವುದು ನನ್ನ ಖಚಿತ ಅಭಿಪ್ರಾಯ.

ರಜೆಯಲ್ಲಿ ಸುತ್ತಲು ಎಲ್ಲಿಗೆ?

ಮಸಾಕಾದಿಂದ ಹತ್ತಿರ ಅಂದರೆ ವಿಕ್ಟೋರಿಯಾ ಸರೋವರದ ಸ್ಸೆಸೆ ದ್ವೀಪಗಳು. ಬುಕಕಾಟಾ ದಡದಿಂದ ಸರ್ಕಾರಿ ಫೆರಿ ಹೋಗುತ್ತದೆ, ಲಾರಿ, ಬೈಕು, ಕೋಳಿ ಬುಟ್ಟಿ ಎಲ್ಲ ಒಟ್ಟಿಗೆ, ದುಡ್ಡಿಲ್ಲ. ಅಘನಾಶಿನಿಯಿಂದ ತದಡಿಗೆ ಬೋಟಿನಲ್ಲಿ ದಾಟಿದವರಿಗೆ ಮೊದಲ ನಿಮಿಷದಲ್ಲೇ ಹಿಡಿಸುತ್ತದೆ. ಲೇಕ್ ಮ್ಬುರೋ ರಾಷ್ಟ್ರೀಯ ಉದ್ಯಾನವೂ ದೂರವಿಲ್ಲ. ಅಲ್ಲಿ ರೇಂಜರ್ ಜೊತೆ ಜೀಬ್ರಾಗಳ ನಡುವೆ ನಡೆದೇ ಸುತ್ತಬಹುದು.

ಜಿಂಜಾಕ್ಕೆ ಹೋಗಲೇಬೇಕು. ನೈಲ್ ನದಿ ವಿಕ್ಟೋರಿಯಾ ಸರೋವರದಿಂದ ಹೊರಡುವ ಜಾಗ. 1948ರಲ್ಲಿ ಗಾಂಧೀಜಿಯ ಚಿತಾಭಸ್ಮದ ಒಂದು ಭಾಗವನ್ನು ಅಲ್ಲೂ ಬಿಟ್ಟಿದ್ದಾರೆ, ಈಗ ಅವರ ಪ್ರತಿಮೆ ಇದೆ. 1930ರ ಉಪ್ಪಿನ ಸತ್ಯಾಗ್ರಹದ ಅಂಕೋಲಾದಿಂದ ಬಂದವರು ಅಲ್ಲಿ ಸುಮ್ಮನೆ ಹಾದುಹೋಗಲಾರರು. ಮೊದಲು ಅಲ್ಲಿ ರಿಪನ್ ಅನ್ನುವ ಜಲಪಾತ ಇತ್ತು. 1954ರಲ್ಲಿ ಅಣೆಕಟ್ಟು ಬಂದು ಮುಳುಗಿತು. ಕಾಳಿ ನದಿಯಲ್ಲಿ ಸೂಪಾ ಊರು ಮುಳುಗಿದ ಕತೆ ಕೇಳಿ ಬೆಳೆದ ನಮಗೆ ಅದು ಬರೀ ಮಾಹಿತಿ ಅಲ್ಲ, ಅಲ್ವಾ?

ಮರ್ಚಿಸನ್ ಜಲಪಾತದ ಎತ್ತರ 43 ಮೀಟರ್ ಅಷ್ಟೇ. ಜೋಗ, ಉಂಚಳ್ಳಿ, ಮಾಗೋಡು ನೋಡಿದವರು ಎತ್ತರ ಕೇಳಿ ಉದಾಸೀನ ಮಾಡಬೇಡಿ. ಇಡೀ ನೈಲ್ ಸುಮಾರು 7 ಮೀಟರ್ ಅಗಲದ ಬಂಡೆಯ ಸಂದಿಯಲ್ಲಿ ನುಗ್ಗುತ್ತದೆ, ಕಾಲಡಿಯ ನೆಲ ನಡುಗುವುದು ಗೊತ್ತಾಗುತ್ತದೆ. ಕಂಪಾಲಾ–ಮಸಾಕಾ ರಸ್ತೆಯಲ್ಲಿ ಕಯಬ್ವೆ ಹತ್ತಿರ ಭೂಮಧ್ಯರೇಖೆಯ ಗುರುತು ಇದೆ. ರೇಖೆಯ ಆಚೆ ಈಚೆ ನೀರು ಬೇರೆ ದಿಕ್ಕಿಗೆ ಸುತ್ತುವುದನ್ನು ಬಕೆಟ್ಟಿನಲ್ಲಿ ತೋರಿಸುತ್ತಾರೆ. ಭೂಮಿ ತಿರುಗುವುದರಿಂದ ಅಷ್ಟು ಚಿಕ್ಕ ಪಾತ್ರೆಯಲ್ಲಿ ಹಾಗೆ ಆಗುವುದಿಲ್ಲ, ನೀರು ಸುರಿಯುವ ಕೈಚಳಕ ಅದು. ಮಕ್ಕಳಿಗೆ ನಿಜ ಹೇಳಿ.

ಉದ್ಯಾನಗಳಲ್ಲಿ ಹೊರದೇಶದವರಿಗೆ ಒಂದು ದರ, ಅಲ್ಲೇ ವಾಸವಿರುವ ಹೊರದೇಶದವರಿಗೆ ಅದಕ್ಕಿಂತ ಕಮ್ಮಿ ದರ. ಕೆಲಸದ ಪರ್ಮಿಟ್ ರಜೆಯಲ್ಲೂ ಉಪಯೋಗಕ್ಕೆ ಬರುತ್ತದೆ ಅಂದದ್ದು ಇದಕ್ಕೇ, ಜೊತೆಗೇ ಇರಲಿ.

ಗೊರಿಲ್ಲಾ?

ಬ್ವಿಂಡಿ ಕಾಡಿನಲ್ಲಿದೆ. ಜಗತ್ತಿನ ಬೆಟ್ಟದ ಗೊರಿಲ್ಲಾಗಳಲ್ಲಿ ಹತ್ತಿರ ಹತ್ತಿರ ಅರ್ಧ ಅಲ್ಲೇ. 2024ರ ಜುಲೈನಿಂದ ಹೊರದೇಶದ ಪ್ರವಾಸಿಗೆ ಗೊರಿಲ್ಲಾ ನೋಡುವ ಪರ್ಮಿಟ್ 800 ಡಾಲರ್, ಅವುಗಳ ಹತ್ತಿರ ಇರಲು ಸಿಗುವುದು ಒಂದು ಗಂಟೆ. ಆ ದುಡ್ಡಿನಿಂದ ಕಾಡು ಉಳಿಯುತ್ತದೆ ನಿಜ. ಆದರೆ ಭತ್ಯೆಯಲ್ಲಿ ಬದುಕುವವರಿಗೆ ಅದು ಆಗುವ ಮಾತಲ್ಲ, ಸಾಲ ಮಾಡಿ ಹೋಗಬೇಡಿ. ನಾನು ಹೋಗಲಿಲ್ಲ.

ಓಡಾಟಕ್ಕೆ ಏನು?

ಹದಿನಾಲ್ಕು ಸೀಟಿನ ವ್ಯಾನಿಗೆ ಅಲ್ಲಿ ಟ್ಯಾಕ್ಸಿ ಅನ್ನುತ್ತಾರೆ. ತುಂಬುವ ತನಕ ಹೊರಡುವುದಿಲ್ಲ, ನಮ್ಮ ಕುಮಟಾ–ಹೊನ್ನಾವರ ಟೆಂಪೋದವರ ಕ್ರಮವೇ. ಬೋಡಾ ಅಂದರೆ ಬಾಡಿಗೆ ಬೈಕು. ಎಲ್ಲಿಗಾದರೂ ಒಯ್ಯುತ್ತದೆ, ಅಪಘಾತವೂ ಅದರಲ್ಲೇ ಜಾಸ್ತಿ. ನಿಮ್ಮದೇ ಹೆಲ್ಮೆಟ್ ಕೊಂಡುಕೊಳ್ಳಿ. ರಾತ್ರಿ ಬಸ್ ಬೇಡ. ನಮ್ಮಲ್ಲಿ ರಾತ್ರಿ ಮಲಗಿ ಬೆಂಗಳೂರಿಗೆ ಹೋಗುವ ಅಭ್ಯಾಸ ಇದೆಯಲ್ಲ, ಅದನ್ನು ಅಲ್ಲಿಗೆ ಒಯ್ಯಬೇಡಿ.

ಪಕ್ಕದ ದೇಶಗಳಿಗೆ ಹೋಗಬಹುದಾ?

ಬಸ್ಸಿನಲ್ಲೇ ಹೋಗಬಹುದು. ರುವಾಂಡಾದ ಕಿಗಾಲಿಗೆ ಹೋಗುವಾಗ ಚೀಲದಲ್ಲಿ ಪ್ಲಾಸ್ಟಿಕ್ ಕೈಚೀಲ ಇರಬಾರದು, 2008ರಿಂದ ನಿಷೇಧ, ಗಡಿಯಲ್ಲಿ ಹುಡುಕುತ್ತಾರೆ. ಕೀನ್ಯಾದಲ್ಲಿ ನೈರೋಬಿ–ಮೊಂಬಾಸಾ ಹೊಸ ರೈಲು 2017ರಿಂದ ಓಡುತ್ತಿದೆ. ಅದರಲ್ಲಿ ಹೋಗಿ ಸಮುದ್ರ ನೋಡಿ, ತೆಂಗಿನಕಾಯಿ ಹಾಕಿದ ಅನ್ನ ತಿಂದು ಬನ್ನಿ. ಕರಾವಳಿಯವರಿಗೆ ಇದು ಬೇಕಾಗುತ್ತದೆ.

ಮುಗಿಸಿ ಬರುವಾಗ ಶಾಲೆಗೆ ಏನು ಬಿಟ್ಟು ಬರಬೇಕು?

ವಸ್ತು ಬೇಡ. ನೀವು ಮಾಡುತ್ತಿದ್ದ ಕೆಲಸ ಬಲ್ಲ ಒಬ್ಬರನ್ನು ತಯಾರು ಮಾಡಿ. ಕಂಪ್ಯೂಟರ್ ಕೋಣೆಯ ಬೀಗದ ಕೈ ಮೊದಲ ವರ್ಷದಿಂದಲೇ ಅಲ್ಲಿಯ ಶಿಕ್ಷಕರ ಹತ್ತಿರ ಇರಲಿ. ಕೊನೆಯ ಮೂರು ತಿಂಗಳಲ್ಲಿ ಹೊಸದೇನೂ ಶುರು ಮಾಡಬೇಡಿ. ರಿಪೇರಿ ಮಾಡುವವರ ನಂಬರ್, ಬಿಡಿಭಾಗ ಸಿಗುವ ಅಂಗಡಿ, ಪಾಸ್‌ವರ್ಡ್ ಎಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದು ಮುಖ್ಯೋಪಾಧ್ಯಾಯರಿಗೆ ಕೊಡಿ.

ಮನೆಯಲ್ಲಿ ಒಪ್ಪುತ್ತಿಲ್ಲ, ಏನು ಮಾಡಲಿ?

ಜಗಳ ಮಾಡಬೇಡಿ. ನನ್ನ ಆಯಿ ಒಪ್ಪಿದ್ದು ನನ್ನ ಭಾಷಣ ಕೇಳಿ ಅಲ್ಲ, ಶಾಲೆಯ ಮುಖ್ಯೋಪಾಧ್ಯಾಯಿನಿ ವಿಡಿಯೋ ಕಾಲ್‌ನಲ್ಲಿ ಕಂಡು, ನಾನಿರುವ ಮನೆಯ ಬಾಗಿಲು, ಕಿಟಕಿ, ಅಡುಗೆಮನೆ ತೋರಿಸಿದ ಮೇಲೆ. ಮುಖ ಕಂಡರೆ ಧೈರ್ಯ ಬರುತ್ತದೆ. ಸಂಸ್ಥೆಯ ನಂಬರ್, ಶಾಲೆಯ ನಂಬರ್, ವಿಮೆಯ ಪ್ರತಿ ಮನೆಯಲ್ಲಿ ಬಿಟ್ಟು ಹೋಗಿ. ಫೋನ್ ಮಾಡುವ ಹೊತ್ತು ಮೊದಲೇ ನಿಗದಿ ಮಾಡಿ. ಅಲ್ಲಿಯ ಗಡಿಯಾರ ನಮಗಿಂತ ಎರಡೂವರೆ ತಾಸು ಹಿಂದೆ. ನೀವು ರಾತ್ರಿ ಊಟ ಮುಗಿಸಿ ಎಂಟಕ್ಕೆ ಮಾಡಿದರೆ ಇಲ್ಲಿ ಹತ್ತೂವರೆ, ಹಳ್ಳಿಮನೆಯಲ್ಲಿ ಆ ಹೊತ್ತಿಗೆ ಫೋನ್ ಬಂದರೆ ಎದೆ ಧಸಕ್ ಅನ್ನುತ್ತದೆ. ಶಾಲೆ ಬಿಟ್ಟು ಬಂದವರೇ ಐದು ಗಂಟೆಗೆ ಮಾಡಿ, ಇಲ್ಲಿ ಏಳೂವರೆ ಆಗಿರುತ್ತದೆ, ದೀಪ ಹಚ್ಚಿ ಎಲ್ಲರೂ ಮನೆಯಲ್ಲೇ ಇರುತ್ತಾರೆ.